ನಲವತ್ತಮೂರು ಡಿಗ್ರಿಯ ಕಲ್ಲು

ಮೇಲೂರಿನಿಂದ ಫೋನು ಬಂದಾಗ ತನುಜ ಚಿಂತಾಮಣಿಯ ತನ್ನ ವರ್ಕ್‌ಶಾಪಿನಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರೊಂದರ ತಾಮ್ರದ ತಂತಿ ಬಿಚ್ಚುತ್ತಾ ಕೂತಿದ್ದಳು. ಜನವರಿಯ ಎರಡನೇ ವಾರದ ಭಾನುವಾರ. ಒಂಬತ್ತು ಗಂಟೆಯಾದರೂ ಎದುರು ಸಾಲಿನ ಅಂಗಡಿಗಳು ಮಂಜಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ.

“ಮೇಡಂ, ನಾನು ಮುರಳಿಮೋಹನ್. ನಿಮ್ಮ ಕಲ್ಲು ವಾಪಸ್ ತಗೊಂಡ್ಹೋಗ್ಬಿಡಿ. ನಮ್ಮಪ್ಪನ ಕಾಲು ಸುಟ್ಟಿದೆ.”

ತನುಜಳಿಗೆ ಮೊದಲು ಹೊಳೆದದ್ದು ಆ ಮುದುಕರ ಕಾಲಲ್ಲ. ಆ ಮನೆಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ ಅನ್ನುವುದು ಹೊಳೆಯಿತು.

“ಆ ಕಲ್ಲು ಸುಡಲ್ಲ ಸಾರ್. ಸುಡೋಕೆ ಆಗೋದೇ ಇಲ್ಲ.”

“ಬಂದು ನೋಡಿ,” ಅಂದು ಅವನು ಫೋನು ಇಟ್ಟ.

ಸ್ಕೂಟರಿನಲ್ಲಿ ಶಿಡ್ಲಘಟ್ಟದ ಕಡೆ ಹೋಗುವಾಗ ಅವಳಿಗೆ ಚಳಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಸುಡಬಾರದು ಅನ್ನುವ ಒಂದೇ ಕಾರಣಕ್ಕೆ ಹುಟ್ಟಿದ ಕಲ್ಲು ಅದು. ನಾಲ್ಕು ವರ್ಷದ ಹಿಂದೆ ಸಾದಲಿಯಲ್ಲಿ ಅವಳ ಸೋದರತ್ತೆ ಪೆದ್ದಮ್ಮ ಕಾಯಿಲ್ ಹೀಟರಿಗೆ ಕಾಲು ಚಾಚಿಕೊಂಡು ನಿದ್ದೆ ಹೋಗಿದ್ದರು. ಸಕ್ಕರೆ ಕಾಯಿಲೆಯಿಂದ ಪಾದಗಳಿಗೆ ಸ್ಪರ್ಶವೇ ಇರಲಿಲ್ಲ. ಚರ್ಮ ಕಮರಿದ ವಾಸನೆ ಪಕ್ಕದ ಮನೆಗೆ ಮುಟ್ಟಿದರೂ ಅತ್ತೆಗೆ ಎಚ್ಚರವಾಗಲಿಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಆಗ ತನುಜ ಗೌರಿಬಿದನೂರಿನ ಒಂದು ಕಾರ್ಖಾನೆಯಲ್ಲಿ ಗೀಸರಿನ ಥರ್ಮೋಸ್ಟಾಟ್‌ಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಎಲೆಕ್ಟ್ರಿಕಲ್ ಡಿಪ್ಲೊಮಾ, ಎಂಟು ವರ್ಷದ ಅನುಭವ, ಬಿಸಿ ಅಂದರೆ ಏನೆಂದು ಗೊತ್ತಿದ್ದವಳು. ಅತ್ತೆಗೆ ಡ್ರೆಸಿಂಗ್ ಮಾಡುತ್ತಿದ್ದ ಡಾಕ್ಟರನ್ನು ಕೇಳಿದಳು, ನೋವೇ ಗೊತ್ತಾಗದ ಕಾಲು ಎಷ್ಟು ಬಿಸಿಯನ್ನು ತುಂಬಾ ಹೊತ್ತು ತಡೆದೀತು? ನಲವತ್ತಮೂರು ಡಿಗ್ರಿ ದಾಟಿಸಬೇಡಿ ಅಂದರು ಅವರು.

ಕೆಲಸ ಬಿಟ್ಟು ಚಿಂತಾಮಣಿಯಲ್ಲಿ ವರ್ಕ್‌ಶಾಪ್ ಹಾಕಿದಳು. ಬೆಳಿಗ್ಗೆ ಹೊಟ್ಟೆಪಾಡಿಗೆ ಮೋಟಾರ್ ರಿವೈಂಡಿಂಗ್, ಮಧ್ಯಾಹ್ನದ ಮೇಲೆ ಹೀಟರು. ತಗಡಿನಲ್ಲಿ ಮಾಡಿದ್ದು ಸೊಟ್ಟಗಾಯಿತು. ಸಿಮೆಂಟಿನಲ್ಲಿ ಮಾಡಿದ್ದು ಬಿರಿಯಿತು. ಕೊನೆಗೆ ಚಿಕ್ಕಬಳ್ಳಾಪುರದ ಹೊರಗೆ ಗ್ರಾನೈಟ್ ಕೊಯ್ಯುವ ಕೋನಪ್ಪನ ಹತ್ತಿರ ಹೆಬ್ಬೆರಳು ದಪ್ಪದ, ಅರ್ಧ ಬಾಗಿಲಿನಷ್ಟು ಅಗಲದ ಚಪ್ಪಡಿಗಳನ್ನು ಕೊಯ್ಯಿಸಿ ತಂದಳು. ಕಲ್ಲಿನ ಬೆನ್ನಿಗೆ ಉತ್ತ ಸಾಲಿನ ಹಾಗೆ ಹೋಗಿ ಬಂದು ಹೋಗಿ ಬಂದು ಬಿಸಿತಂತಿ ಕೂರಿಸಿದಳು. ಮೇಲ್ಭಾಗದಲ್ಲಿ ಒಂದು ಸೆನ್ಸರ್ ಇಟ್ಟಳು. ಕಲ್ಲು ನಲವತ್ತಮೂರರ ಹತ್ತಿರ ಬಂತೋ, ಕರೆಂಟು ತಾನೇ ಕಟ್ಟಾಗುತ್ತಿತ್ತು. ಕೆಂಡದ ಹಾಗೆ ಉರಿಯುವುದಿಲ್ಲ, ಕೋಣೆಯ ಗಾಳಿ ಒಣಗುವುದಿಲ್ಲ. ಮೈ ಒರಗಿಸಿ ಕೂತರೆ ಬಿಸಿಲು ಕಾಸಿದ ಗೋಡೆಗೆ ಒರಗಿದಂತೆ ಇರುತ್ತಿತ್ತು. ಲೈಸೆನ್ಸಿಗೆ ಕಳಿಸುವ ಮೊದಲು ಒಂದು ಚಳಿಗಾಲ ನಡೆಯಲಿ ಎಂದು ಐದು ಮನೆಗೆ ಕೊಟ್ಟಿದ್ದಳು. ಮೇಲೂರಿನ ಮುರಳಿಮೋಹನ್ ತಾನಾಗಿಯೇ ಹುಡುಕಿಕೊಂಡು ಬಂದು ಕೇಳಿದ್ದ. ಹಿಂದಿನ ಚಳಿಯಲ್ಲಿ ಅವನ ಅಪ್ಪ ನರಸಿಂಹಪ್ಪನವರೂ ಕಾಯಿಲ್ ಹೀಟರಿನಲ್ಲಿ ಹಿಮ್ಮಡಿ ಸುಟ್ಟುಕೊಂಡಿದ್ದರು.

ಈಗ ಮತ್ತೆ ಅದೇ ಹಿಮ್ಮಡಿ. ನರಸಿಂಹಪ್ಪ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಬಲ ಹಿಮ್ಮಡಿಯ ಅಂಚಿನಲ್ಲಿ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಒಡೆದಿತ್ತು. ಮಂಚದ ಕಾಲ್ದೆಸೆಯ ಗೋಡೆಗೆ ತನುಜ ತಾನೇ ಬಿಗಿದುಕೊಟ್ಟಿದ್ದ ಕಲ್ಲು ತಣ್ಣಗೆ ನಿಂತಿತ್ತು. ಪ್ಲಗ್ಗು ಕಿತ್ತು ಎಸೆದಿದ್ದರು.

“ನಂಗೇನೂ ಗೊತ್ತಾಗಿಲ್ಲಮ್ಮ,” ಅಂದರು ಮುದುಕರು. “ನಿನ್ನೆ ಸ್ನಾನಕ್ಕೆ ಹೋದಾಗ ನೋಡ್ಕೊಂಡಿದ್ದು.”

ಬಾಗಿಲ ಬಳಿ ಸೊಸೆ ಶಿರೀಷಾ ಕೈಕಟ್ಟಿ ನಿಂತಿದ್ದಳು. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹೊರಗೆ ಪಡಸಾಲೆಯಲ್ಲಿ ಅವಳ ಅತ್ತೆ ಅಮ್ಮಾಜಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ.

ತನುಜ ಕಲ್ಲಿನ ಪಕ್ಕದ ಪುಟ್ಟ ಪೆಟ್ಟಿಗೆಯಿಂದ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಹಾಕಿದಳು. ನಿಮಿಷ ನಿಮಿಷಕ್ಕೂ ಕಲ್ಲಿನ ಬಿಸಿ ಎಷ್ಟಿತ್ತೆಂದು ಅದರಲ್ಲಿ ಬರೆದಿರುತ್ತಿತ್ತು. ಇಪ್ಪತ್ತೆರಡು ದಿನದ ಗೆರೆ ಪರದೆಯ ಮೇಲೆ ಮೂಡಿತು. ಎಲ್ಲಿಯೂ ನಲವತ್ತೆರಡೂಮುಕ್ಕಾಲು ದಾಟಿರಲಿಲ್ಲ.

“ನೋಡಿ ಸಾರ್. ನೀವೇ ನೋಡಿ.”

ಮುರಳಿಮೋಹನ್ ಬಗ್ಗಿ ನೋಡಿದ. ಶಿರೀಷಾ ನೋಡಲಿಲ್ಲ.

“ಮಿಷನ್ನೂ ನಿಮ್ದೇ, ಪುಸ್ತಕಾನೂ ನಿಮ್ದೇ,” ಅಂದಳು. “ನೀವು ಹೇಳಿಕೊಟ್ಟಿದ್ದನ್ನ ಅದು ಬರೆಯುತ್ತೆ. ಆ ಕಾಲು ಏನು ಹೇಳ್ತಿದೆ ಅದನ್ನ ಓದಿ ಮೇಡಂ.”

ಆ ಮಾತು ತನುಜಳಿಗೆ ಚುಚ್ಚಿತು. ತಾನು ಮೊದಲ ಸಲ ಈ ಮನೆಗೆ ಬಂದ ದಿನ ನರಸಿಂಹಪ್ಪ, ಸಾದಲಿಯಲ್ಲಿ ಯಾವ ಬೀದಿ ನಿಮ್ಮದು ಎಂದು ಕೇಳಿದ್ದರು. ಅವಳು ಹೇಳಿದ್ದಳು. ಆಮೇಲೆ ಕಾಫಿ ಬಂದದ್ದು ಪೇಪರ್ ಕಪ್ಪಿನಲ್ಲಿ, ಮನೆಯವರೆಲ್ಲರಿಗೂ ಸ್ಟೀಲ್ ಲೋಟದಲ್ಲಿ. ತಂದುಕೊಟ್ಟವಳು ಇದೇ ಶಿರೀಷಾ. ಆ ದಿನ ಏನೂ ಅನ್ನದೆ ಕುಡಿದು ಎದ್ದಿದ್ದಳು. ಈಗ ಅದೆಲ್ಲ ಒಟ್ಟಿಗೆ ನೆನಪಿಗೆ ಬಂತು.

ಹಾಗೆ ಬಂದಾಗಲೇ ಅವಳ ಕಣ್ಣಿಗೆ ಬಿದ್ದದ್ದು, ಎದುರು ಕೋಣೆಯ ಬಾಗಿಲ ಹಿಂದಿದ್ದ ಹಳೆಯ ಕಾಯಿಲ್ ಹೀಟರು. ಎದ್ದು ಹೋಗಿ ಅದನ್ನು ಮುಟ್ಟಿ ನೋಡಿದಳು. ಮೂಲೆಗೆ ಸೇರಿದ ಸಾಮಾನಿನ ಮೇಲೆ ಇರಬೇಕಾದ ಧೂಳು ಅದರ ಮೇಲಿರಲಿಲ್ಲ.

“ಇದನ್ನ ಯಾರು ಉಪಯೋಗಿಸ್ತಾರೆ?”

“ನಾನು,” ಅಂದಳು ಶಿರೀಷಾ. “ಮಗಳ ಯೂನಿಫಾರ್ಮ್ ಒಣಗಿಸೋಕೆ. ಈ ಮಂಜಲ್ಲಿ ಬಟ್ಟೆ ಎಲ್ಲಿ ಒಣಗುತ್ತೆ?”

“ಯೂನಿಫಾರ್ಮಿಗೆ ಮಾತ್ರನಾ?”

ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಮುರಳಿಮೋಹನ್ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

“ಶಿರೀಷಾ, ಅಪ್ಪನ ಕೋಣೇಲಿ ಅದನ್ನ ಯಾವಾಗಾದ್ರೂ ಹಾಕಿದ್ಯಾ?”

“ನೀವೂ ಕೇಳ್ತೀರಾ?” ಅಂದಳು ಅವಳು. ಅಷ್ಟೇ. ತಿರುಗಿ ಒಳಗೆ ಹೋದಳು.

ತನುಜ ಕಾರ್ಡನ್ನು ಜೇಬಿಗೆ ಹಾಕಿಕೊಂಡಳು. ಕಲ್ಲನ್ನು ಒಯ್ಯುವುದಿಲ್ಲ, ಸತ್ಯ ಹೊರಗೆ ಬರುವ ತನಕ ಅದು ಇಲ್ಲೇ ಇರಲಿ, ಯಾರೂ ಪ್ಲಗ್ ಹಾಕಬೇಡಿ ಎಂದು ಹೇಳಿ ಹೊರಟಳು. ಗೆದ್ದೆ ಅನ್ನಿಸಿತ್ತು.

ಅಲ್ಲಿಂದ ನೇರ ಸಾದಲಿಗೆ ಹೋದಳು. ಅಪ್ಪ ಬಯ್ಯಪ್ಪ ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದವರು. ಕಂಬ ಹತ್ತಿ ಕರೆಂಟು ಕೊಟ್ಟ ಮನೆಗಳ ಎಷ್ಟೋ ಜಗಲಿಗಳಲ್ಲಿ ನಿಂತೇ ನೀರು ಕುಡಿದವರು. ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡರು.

“ಅವ್ರು ನೆಪ ಹುಡುಕ್ತಾ ಇದ್ರು ಕಣಮ್ಮ. ಸಿಕ್ತು. ನಿನ್ನ ಕೈಯಿಂದ ಮಾಡಿದ್ದು ಅವ್ರ ಗೋಡೆ ಮೇಲೆ ಎಷ್ಟು ದಿನ ಇದ್ದೀತು? ನೀನು ಕಾಗದದಲ್ಲಿ ಬರೆದು ಕಳಿಸಿಬಿಡು, ಮನೆಯವರು ಬೇರೆ ಹೀಟರ್ ಇಟ್ಟು ಸುಟ್ಕೊಂಡಿದಾರೆ ಅಂತ.”

ಪೆದ್ದಮ್ಮತ್ತೆಯ ಮನೆಗೂ ಹೋಗಿ ಬಂದಳು. ಅಲ್ಲಿಯ ಕಲ್ಲು ಎಂದಿನಂತೆ ಬೆಚ್ಚಗಿತ್ತು. ಅತ್ತೆಯ ಪಾದ ಹಿಡಿದು ಬೆರಳು ಬೆರಳು ಬಿಡಿಸಿ ನೋಡಿದಳು, ಒಂದು ಕೆಂಪು ಕಲೆಯೂ ಇರಲಿಲ್ಲ. ಮನಸ್ಸಿಗೆ ಇನ್ನಷ್ಟು ಧೈರ್ಯ ಬಂತು. ಅಪ್ಪ ಹೇಳಿದ ಕಾಗದ ಬರೆಯಲು ಮಾರನೆಯ ದಿನ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಕೂತಳು. ಸಾಕ್ಷಿಗೆ ಗೆರೆಯ ಚಿತ್ರವನ್ನೂ ಲಗತ್ತಿಸಬೇಕಿತ್ತು. ಹಾಗಾಗಿ ಅದನ್ನು ಮತ್ತೊಮ್ಮೆ ಬಿಡಿಸಿ ನೋಡಿದಳು.

ಬಿಸಿಯ ಗೆರೆಯ ಕೆಳಗೆ ಇನ್ನೊಂದು ಸಾಲಿತ್ತು, ಕರೆಂಟು ಎಷ್ಟು ಹೊತ್ತು ಹತ್ತಿತ್ತು, ಎಷ್ಟು ಹೊತ್ತು ಆರಿತ್ತು ಅನ್ನುವುದು. ಪ್ರತಿದಿನ ಮಧ್ಯಾಹ್ನ ಎರಡೂವರೆಯಿಂದ ಸುಮಾರು ಐದರ ತನಕ ಅದು ಸ್ವಲ್ಪ ಕಡಿಮೆ ಹತ್ತಿತ್ತು. ಬಿಸಿಲು ಹೊತ್ತು, ಕೋಣೆ ತಾನೇ ಬೆಚ್ಚಗಾಗಿರುತ್ತದೆ ಎಂದುಕೊಂಡಳು. ಆದರೆ ಹಿಂದಿನ ಬುಧವಾರ ಬಿಸಿಲೇ ಇರಲಿಲ್ಲ. ಇಡೀ ದಿನ ಜಿನುಗು ಮಳೆ, ಮೋಡ. ಅವತ್ತೂ ಎರಡೂವರೆಗೆ ಸಾಲು ಇಳಿದಿತ್ತು. ಶನಿವಾರ, ಭಾನುವಾರಗಳಲ್ಲಿ ಮಾತ್ರ ಇಳಿದಿರಲಿಲ್ಲ.

ಮೊದಲು ಶಿರೀಷಾಳ ಮೇಲೇ ಅನುಮಾನ ಹೋಯಿತು. ಆಫ್ ಮಾಡಿ ಕಾಯಿಲ್ ಹೀಟರ್ ಹಚ್ಚುತ್ತಿದ್ದಾಳೆಯೇ? ಆದರೆ ಅರ್ಧ ದಿನದ ಶನಿವಾರ ಬಿಟ್ಟರೆ ಅವಳು ಸ್ಕೂಲಿನಿಂದ ಬರುವುದೇ ಐದಕ್ಕೆ. ಅವಳಿಲ್ಲದ ಹೊತ್ತು ಅದು, ಅವಳು ಮನೆಯಲ್ಲಿರುವ ದಿನ ಏನೂ ಇಲ್ಲ. ಮೇಲಾಗಿ ಕಲ್ಲು ಆರಿರಲಿಲ್ಲ. ಕಡಿಮೆ ಕರೆಂಟು ಕುಡಿದೂ ನಲವತ್ತೆರಡಕ್ಕೇ ನಿಂತಿತ್ತು. ಅಂದರೆ ಬಿಸಿ ಕಲ್ಲಿನಿಂದ ಹೊರಕ್ಕೆ ಹೋಗುತ್ತಿರಲಿಲ್ಲ. ಎಲ್ಲೋ ತಡೆದು ನಿಂತಿತ್ತು.

ಪೆನ್ನು ಕೆಳಗಿಟ್ಟಳು. ವರ್ಕ್‌ಶಾಪಿನಲ್ಲಿ ಇನ್ನೊಂದು ಕಲ್ಲಿತ್ತು, ಅದೇ ಅಳತೆಯದು. ಮನೆಯಿಂದ ತಂದಿದ್ದ ಕರಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳ ಅರ್ಧಕ್ಕೆ ಮಾತ್ರ ಹೊದಿಸಿದಳು, ಮೇಲಿನ ಸೆನ್ಸರ್ ಇದ್ದ ಜಾಗ ಹಾಗೇ ಬಿಟ್ಟಳು. ಕಂಬಳಿಯ ಅಡಿಯಲ್ಲಿ ಅಲ್ಲಲ್ಲಿ ಬಿಸಿ ಅಳೆಯುವ ತಂತಿಗಳನ್ನು ಅಂಟಿಸಿ ಸ್ವಿಚ್ ಹಾಕಿದಳು. ಹನ್ನೊಂದು ಗಂಟೆಗೆ ನಲವತ್ತು. ಹನ್ನೆರಡಕ್ಕೆ ಮೇಲಿನ ಸೆನ್ಸರ್ ನಲವತ್ತೆರಡು ಅನ್ನುತ್ತಿತ್ತು, ಕಂಬಳಿಯಡಿ ನಲವತ್ತೊಂಬತ್ತು. ಒಂದು ಗಂಟೆಗೆ ಮೇಲೆ ನಲವತ್ತೆರಡೇ, ಅಡಿಯಲ್ಲಿ ಐವತ್ತನಾಲ್ಕು. ಎರಡು ಗಂಟೆಗೆ ಐವತ್ತೆಂಟು.

ನಂಬಿಕೆಯಾಗದೆ ಕಂಬಳಿಯೊಳಗೆ ಅಂಗೈ ತೂರಿಸಿ ಕಲ್ಲಿಗೆ ಒತ್ತಿದಳು. ನಾಲ್ಕು ಎಣಿಸುವಷ್ಟರಲ್ಲಿ ಕೈ ತಾನಾಗಿ ಹಿಂದಕ್ಕೆ ಬಂತು. ನರಸಿಂಹಪ್ಪನವರ ಕಾಲಿಗೆ ಹಾಗೆ ಹಿಂದಕ್ಕೆ ಬರುವ ಶಕ್ತಿ ಇರಲಿಲ್ಲ.

ತುಂಬಾ ಹೊತ್ತು ಆ ಕಲ್ಲಿನ ಎದುರೇ ಕೂತಳು. ಇಪ್ಪತ್ತೆರಡು ದಿನ ನಿಮಿಷ ನಿಮಿಷಕ್ಕೆ ಬರೆದಿಟ್ಟ ಲೆಕ್ಕದಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ, ಆದರೆ ಅದು ಕಲ್ಲಿನ ಒಂದು ಬೊಟ್ಟಿನಷ್ಟು ಜಾಗದ ಲೆಕ್ಕವಾಗಿತ್ತು. ಉಳಿದ ಕಲ್ಲಿನಲ್ಲಿ ಏನಾಗುತ್ತಿದೆ ಎಂದು ಅವಳು ಯಾವತ್ತೂ ಕೇಳಿಯೇ ಇರಲಿಲ್ಲ. ಕೇಳಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಐದೂ ಮನೆಗೆ ಕೊಟ್ಟ ಸೂಚನೆಯ ಹಾಳೆಯಲ್ಲಿ ಆರನೆಯ ಸಾಲು ಅವಳದೇ ಕೈಬರಹ: ಕಲ್ಲಿನ ಮೇಲೆ ಬಟ್ಟೆ, ಕಂಬಳಿ ಹೊದಿಸಬಾರದು. ಅಪಾಯ ಗೊತ್ತಿತ್ತು. ಒಂದು ಸಾಲು ಬರೆದು ಅದನ್ನು ದಾಟಿ ಹೋಗಿದ್ದಳು.

ಮೊದಲ ಕೆಲಸವಾಗಿ ಉಳಿದ ನಾಲ್ಕೂ ಮನೆಗೆ ಫೋನು ಮಾಡಿ ಪ್ಲಗ್ ತೆಗೆಸಿದಳು. ಯಾಕೆ ಅಂತ ಪೆದ್ದಮ್ಮತ್ತೆ ಜಗಳಕ್ಕೇ ಬಂದರು. ಆಮೇಲೆ ಅಪ್ಪನಿಗೂ ಫೋನಿನಲ್ಲೇ ಹೇಳಿದಳು.

“ಬರೆದು ಕೊಟ್ಟಿದ್ದೀಯಲ್ಲ, ಹೊದಿಸಬೇಡಿ ಅಂತ?” ಅಂದರು ಬಯ್ಯಪ್ಪ. “ಹೊದಿಸಿದ್ದು ಅವ್ರ ತಪ್ಪು. ನೀನಾಗಿ ಹೋಗಿ ತಲೆ ಕೊಟ್ರೆ, ಅವ್ರು ಊರೆಲ್ಲ ಹೇಳ್ತಾರೆ. ನಮ್ಮವ್ರು ಮಾಡಿದ್ರೆ ಹಿಂಗೇ ಅಂತಾರೆ. ಅದು ಗೊತ್ತಿದ್ದೂ ಹೋಗ್ತೀಯಾ?”

“ಅವ್ರು ಅಂದ್ರೂ ಅಂತಾರಪ್ಪ. ಕಾಲು ಸುಟ್ಟಿದ್ದು ನನ್ನ ಕಲ್ಲೇ.”

“ಸ್ಕೂಟರ್ ನಿಧಾನಕ್ಕೆ ಓಡಿಸು,” ಅಂದರು ಅಪ್ಪ.

ಮೇಲೂರು ತಲುಪಿದಾಗ ಮೂರೂವರೆ. ಸಂಕ್ರಾಂತಿಗೆ ಎರಡೇ ದಿನ ಇತ್ತು. ಬೀದಿಯಲ್ಲಿ ಮನೆ ಮುಂದೆಲ್ಲ ಸುಣ್ಣ ಬಳಿಯುತ್ತಿದ್ದರು, ಈ ಮನೆಯ ಮುಂದೆ ಮಾತ್ರ ಗುಡಿಸಿದಂತೆಯೂ ಇರಲಿಲ್ಲ. ನರಸಿಂಹಪ್ಪ ಒಳಗೆ ಮಲಗಿದ್ದರು. ಅಮ್ಮಾಜಮ್ಮ ಒಬ್ಬರೇ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು.

“ಮುರಳಿ ಡೈರಿಗೆ ಹೋಗವ್ನೆ,” ಅಂದರು. “ಸೊಸೆ ನಿನ್ನೆನೇ ಮಗೂನ ಕರ್ಕೊಂಡು ನಗರಗೆರೆಗೆ ಹೊಂಟೋದ್ಲು, ತವರಿಗೆ. ಅಷ್ಟೊತ್ತಿಂದ ಮನೇಲಿ ಒಬ್ರ ಜೊತೆ ಒಬ್ರು ಮಾತಿಲ್ಲ. ನೀನ್ಯಾಕೆ ಬಂದಿದೀಯಾ ತಲ್ಲೀ? ಇನ್ನೂ ಏನಾದ್ರೂ ಕೇಳದು ಉಳಿದೈತಾ?”

ದಾರಿಯುದ್ದಕ್ಕೂ ತನುಜ ಪ್ರಶ್ನೆಗಳನ್ನು ಜೋಡಿಸಿಕೊಂಡು ಬಂದಿದ್ದಳು. ಎರಡೂವರೆಗೆ ಯಾರಿರುತ್ತಾರೆ, ಕಂಬಳಿ ಯಾರದು, ಹಾಳೆ ಓದಿದವರು ಯಾರು. ಅಮ್ಮಾಜಮ್ಮನ ಮುಖ ನೋಡಿದ ಮೇಲೆ ಅವನ್ನೆಲ್ಲ ಬದಿಗಿಟ್ಟಳು.

“ಕೇಳೋಕಲ್ಲಮ್ಮ, ಹೇಳೋಕೆ ಬಂದೆ. ತಪ್ಪು ನನ್ನ ಕಲ್ಲಿಂದು. ಅದ್ರ ಮೇಲೆ ಏನಾದ್ರೂ ಹೊದಿಸಿದ್ರೆ ಅಡೀಲಿ ಸುಡೋ ಅಷ್ಟು ಬಿಸಿಯಾಗುತ್ತೆ. ನಾನು ಅದನ್ನ ನೋಡ್ದೇ ನಿಮ್ಮ ಮನೆಗೆ ತಂದು ಹಾಕ್ದೆ. ನಿಮ್ಮ ಸೊಸೆದು ಏನೂ ತಪ್ಪಿಲ್ಲ.”

ಅಮ್ಮಾಜಮ್ಮ ಅವಳನ್ನೇ ನೋಡಿದರು. ನಂಬುವುದೋ ಬೇಡವೋ ಅನ್ನುವ ನೋಟ. ಇದು ತನ್ನನ್ನು ಸಿಕ್ಕಿಸುವ ಮಾತೇನೋ ಎಂದು ತೂಗಿ ನೋಡುವ ನೋಟ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

“ನಾನೇ ಹೊದಿಸ್ತಿದ್ದೆ,” ಅಂದರು. “ಅವ್ರಿಗೆ ಆ ಕಲ್ಲು ಬಿಸಿನೇ ಅನ್ಸಲ್ವಂತೆ. ಕಾಲು ಜುಮ್ ಅಂತೈತೆ, ಥಂಡಿ ಹಿಡಿದೈತೆ ಅಂತ ದಿನಾ ಗೋಳು. ಉಂಡು ಮಲಗ್ದಾಗ ಕಲ್ಲಿಗೂ ಕಾಲಿಗೂ ಸೇರಿಸಿ ಕಂಬಳಿ ಹೊದಿಸ್ತಿದ್ದೆ. ಗುಡಿಸಲು ಕಟ್ಟಿದಂಗೆ. ಬಿಸಿ ಆಚೆ ಹೋಗಬಾರ್ದು ಅಂತ. ಸೊಸೆ ಬರೋ ಹೊತ್ತಿಗೆ ತೆಗೆದು ಮಡಚಿಡ್ತಿದ್ದೆ.”

“ಯಾಕಮ್ಮ ತೆಗೀತಿದ್ರಿ?”

“ಏನೂ ಹೊದಿಸಬ್ಯಾಡಿ ಅಂತ ಅವಳು ಆ ಕಾಗದ ಓದಿ ಹೇಳಿದ್ಲು. ಸುಮ್ನೆ ಹೇಳ್ತಾಳೆ ಅಂದ್ಕೊಂಡೆ. ಬೆಚ್ಚಗಿದ್ರೆ ಏನು ಕೇಡು? ಕಾಲಲ್ಲಿ ಬೊಬ್ಬೆ ನೋಡಿದ ಮ್ಯಾಲೆ ನನಗೆ ಬಾಯೇ ಬರ್ಲಿಲ್ಲ. ಮಗನಿಗೆ ಏನಂತ ಹೇಳ್ಲಿ? ನಿನ್ನೆ ನೀನು ಆ ಹೀಟರ್ ಮುಟ್ಟಿ ನೋಡಿದ್ಯಲ್ಲ, ಎಲ್ರೂ ಅವಳ ಕಡೆ ತಿರುಗಿದ್ರು. ನಾನು ಇಲ್ಲೇ ಕೂತಿದ್ದೆ. ಅವಳು ಹೊಂಟೋದ್ರೂ ಕೂತೇ ಇದ್ದೆ.”

ತನುಜಳಿಗೆ ಅವರನ್ನು ಸಮಾಧಾನ ಮಾಡಬೇಕು ಅನ್ನಿಸಿತು, ಆದರೆ ಸಮಾಧಾನ ಹೇಳುವ ಹಕ್ಕು ತನಗಿದೆ ಅನ್ನಿಸಲಿಲ್ಲ. ಆ ಹೀಟರನ್ನು ಎಲ್ಲರ ಎದುರು ಮುಟ್ಟಿ ತೋರಿಸಿದವಳು ತಾನೇ. ಮುರಳಿಮೋಹನ್ ಬಂದ ಮೇಲೆ ಎಲ್ಲವನ್ನೂ ಹೇಳುವಂತೆ ಅಮ್ಮಾಜಮ್ಮನಿಗೆ ಹೇಳಿ, ನಗರಗೆರೆಯ ಮನೆಯ ಗುರುತು ಕೇಳಿಕೊಂಡಳು.

ಮಾರನೆಯ ಬೆಳಿಗ್ಗೆ ಗೌರಿಬಿದನೂರಿನ ಬಸ್ಸು ಹತ್ತಿದಳು. ನಗರಗೆರೆಯಲ್ಲಿ ಇಳಿದು ಮನೆ ಹುಡುಕಿದಾಗ ಬಾಗಿಲಲ್ಲಿ ಎದುರಾದವರು ಶಿರೀಷಾಳ ತಾಯಿ ಶ್ಯಾಮಲಮ್ಮ. ಹೆಸರು ಕೇಳುತ್ತಲೇ ಬಾಗಿಲಿಗೆ ಅಡ್ಡ ನಿಂತರು.

“ಹೀಟರಮ್ಮ ನೀವೇನಾ? ನಮ್ಮ ಹುಡುಗಿ ಮಾವನ ಕಾಲು ಸುಟ್ಳು ಅಂದೋರು? ಇಲ್ಲೇನು ಹುಡುಕೋಕೆ ಬಂದ್ರಿ, ನಮ್ಮನೇಲೂ ಹೀಟರ್ ಐತಾ ಅಂತನಾ?”

“ಬಿಡಮ್ಮ, ಬರಲಿ,” ಎಂದು ಒಳಗಿನಿಂದ ಶಿರೀಷಾಳ ಧ್ವನಿ ಬಂತು.

ತನುಜ ನಿಂತುಕೊಂಡೇ ಎಲ್ಲ ಹೇಳಿದಳು. ಕಂಬಳಿ, ಐವತ್ತೆಂಟು ಡಿಗ್ರಿ, ಒಂದೇ ಸೆನ್ಸರ್, ಆರನೇ ಸಾಲು. ಅಮ್ಮಾಜಮ್ಮ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಶಿರೀಷಾ ಕಣ್ಣು ಕಿರಿದು ಮಾಡಿಕೊಂಡು ಕೇಳಿಸಿಕೊಂಡಳು.

“ಇದನ್ನ ಹೇಳೋಕೆ ಇಷ್ಟು ದೂರ ಯಾಕೆ ಬಂದ್ರಿ?” ಅಂದಳು. “ನಾವು ಕಂಪ್ಲೇಂಟ್ ಕೊಡ್ತೀವಿ ಅಂತ ಹೆದ್ರಿಕೆನಾ?”

“ಅದೂ ಇದೆ,” ಅಂದಳು ತನುಜ. “ಆದ್ರೆ ಅದಕ್ಕೇ ಬಂದಿದ್ದಲ್ಲ. ನಿಮ್ಮ ಮೇಲೆ ಅನುಮಾನ ಹಾಕಿದೋಳು ನಾನು. ನನಗೆ ನಿಮ್ಮ ಮನೆ ಮೇಲೆ ಮೊದ್ಲೇ ಸಿಟ್ಟಿತ್ತು. ಯಾಕೆ ಅಂತ ನಿಮಗೆ ಗೊತ್ತಿರಬಹುದು.”

ಶಿರೀಷಾಳ ಮುಖ ಒಂದು ಗಳಿಗೆ ಬದಲಾಯಿತು. ಗೊತ್ತಿಲ್ಲ ಅನ್ನಲಿಲ್ಲ. ನೆಲ ನೋಡಿದಳು.

“ನಾಲ್ಕು ಜನರ ಮುಂದೆ ಅಂದಿದೀರಿ,” ಅಂದಳು ಕೊನೆಗೆ. “ಆ ನಾಲ್ಕು ಜನರ ಮುಂದೆನೇ ಇದನ್ನೂ ಹೇಳಬೇಕು. ಇಲ್ಲಿ ನಮ್ಮಮ್ಮನ ಮುಂದೆ ಹೇಳಿದ್ರೆ ಏನು ಬಂತು?”

ಹಬ್ಬ ಕಳೆದ ಮಾರನೆಯ ದಿನ ಮೇಲೂರಿನಲ್ಲಿ ತನುಜ ಅದನ್ನು ಮತ್ತೆ ಹೇಳಿದಳು. ಮುರಳಿಮೋಹನ್ ಹೆಂಡತಿಯನ್ನು ಕರೆತರಲು ತಾನೇ ನಗರಗೆರೆಗೆ ಹೋಗಿದ್ದನಂತೆ. ಅವಳು ತಕ್ಷಣ ಹೊರಟಿರಲಿಲ್ಲ, ಎರಡು ದಿನ ಅವನನ್ನೂ ಅಲ್ಲೇ ಕೂರಿಸಿದ್ದಳಂತೆ. ಈಗ ಅವನು ಅಮ್ಮನ ಮೇಲೆ ಕೂಗಾಡಲು ಶುರುಮಾಡಿದಾಗ ಅವಳೇ ತಡೆದಳು. “ಅತ್ತೆ ಕಂಬಳಿ ಹೊದಿಸಿದ್ದು ಪ್ರೀತಿಗೆ. ನೀವು ನನ್ನ ಕೇಳಿದ್ದು ಯಾತಕ್ಕೆ?” ಅಂದಳು. ನರಸಿಂಹಪ್ಪ ಮಾತ್ರ ಬ್ಯಾಂಡೇಜು ಕಟ್ಟಿದ ಕಾಲನ್ನು ನೋಡಿಕೊಳ್ಳುತ್ತಾ, “ಇಷ್ಟೆಲ್ಲ ಆಗೈತೆ, ನನಗೊಂದು ಚೂರು ನೋವೂ ಇಲ್ವಲ್ಲೋ,” ಎಂದು ಹೆದರಿದ ಮಗುವಿನ ಹಾಗೆ ಅಂದರು.

ತನುಜ ಆ ದಿನವೇ ಕಲ್ಲನ್ನು ಕಳಚಿ ಒಯ್ದಳು. ಐದನ್ನೂ ಒಯ್ದಳು.

ಹೊಸದನ್ನು ಮಾಡಲು ಫೆಬ್ರವರಿ ಕಳೆಯಿತು. ಸೆನ್ಸರುಗಳನ್ನು ಒಂದರಿಂದ ಒಂಬತ್ತಕ್ಕೆ ಏರಿಸಿ ನೋಡಿದಳು. ಅವುಗಳ ನಡುವಿನ ಜಾಗ ಮತ್ತೆ ಕುರುಡಾಗಿಯೇ ಉಳಿಯುತ್ತಿತ್ತು. ಕೊನೆಗೆ ಬಿಸಿತಂತಿಯನ್ನೇ ಬಿಟ್ಟಳು. ಅದರ ಬದಲು ಕಪ್ಪು ಪಟ್ಟಿಯೊಂದನ್ನು ತರಿಸಿದಳು. ತನ್ನ ಯಾವ ಭಾಗ ಹೆಚ್ಚು ಬಿಸಿಯಾಗುತ್ತದೋ ಆ ಭಾಗದಲ್ಲಿ ಅದು ತಾನಾಗಿ ಕರೆಂಟು ಕಡಿಮೆ ಮಾಡಿಕೊಳ್ಳುತ್ತಿತ್ತು. ಸೆನ್ಸರ್ ಹೇಳುವ ತನಕ ಕಾಯುವ ಕೆಲಸವಿಲ್ಲ. ಕಂಬಳಿ ಹೊದಿಸಿದಳು. ಎರಡು ಗಂಟೆಗೆ ನಲವತ್ತನಾಲ್ಕು. ನಾಲ್ಕು ಗಂಟೆಗೂ ನಲವತ್ತನಾಲ್ಕು. ಇನ್ನೊಂದಿಷ್ಟು ತಗ್ಗಿಸಿದಳು.

ಆದರೆ ಈಗ ತನ್ನ ಅಳತೆಯ ಮೇಲೆ ಅವಳಿಗೇ ನಂಬಿಕೆ ಇರಲಿಲ್ಲ. ಒಮ್ಮೆ ಸರಿ ಕಂಡದ್ದನ್ನು ಮತ್ತೆ ಮತ್ತೆ ತಿರುವಿ ನೋಡುವಳು. ಕಾರ್ಖಾನೆಯಲ್ಲಿ ಎಂಟು ವರ್ಷ, ಮೊಹರು ಬಿದ್ದ ಮೇಲೆ ಮುಗಿಯಿತು ಎಂದು ಕಲಿತವಳು. ಈಗ ಮುಗಿಯಿತು ಅನ್ನುವ ಮಾತೇ ಅನುಮಾನ ಹುಟ್ಟಿಸುತ್ತಿತ್ತು. ಎರಡು ದಿನ ಯೋಚನೆ ಮಾಡಿ ಶಿರೀಷಾಳಿಗೆ ಫೋನು ಮಾಡಿದಳು.

“ಹೊಸ ಕಲ್ಲಿದೆ. ಅದರ ತಪ್ಪು ಹುಡುಕಿಕೊಡ್ತೀರಾ?”

“ನಾನಾ?”

“ನನ್ನ ಪುಸ್ತಕ ನಂಬದೋರು ನೀವೊಬ್ರೇ.”

ಆ ಕಡೆಯಿಂದ ನಗು ಬರಲಿಲ್ಲ. “ಶನಿವಾರ ಮಧ್ಯಾಹ್ನ ಸ್ಕೂಲ್ ಬಿಡುತ್ತೆ,” ಅಂದಳು ಶಿರೀಷಾ. “ಥರ್ಮಾಮೀಟರು ನಾನೇ ತರ್ತೀನಿ. ನಿಮ್ಮದು ಬೇಡ.”

ಬಂದವಳು ಎರಡು ರಜಾಯಿ, ಒಂದು ಹತ್ತಿ ಹಾಸಿಗೆ, ಅರ್ಧ ಮೂಟೆ ರಾಗಿ, ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡೇ ಬಂದಿದ್ದಳು. ಒಂದೊಂದನ್ನೇ ಕಲ್ಲಿಗೆ ಒರಗಿಸಿ, ಸ್ಕೂಲಿನ ಲ್ಯಾಬಿನ ಥರ್ಮಾಮೀಟರ್ ತೂರಿಸಿ, ತನ್ನದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತನುಜಳ ಲ್ಯಾಪ್‌ಟಾಪ್ ಕಡೆ ಕಣ್ಣೂ ಹಾಯಿಸಲಿಲ್ಲ. ಕಂಬಳಿ, ರಜಾಯಿ ಎಲ್ಲ ಸರಿಹೋಯಿತು. ಹಾಸಿಗೆಯ ಅಡಿಯಲ್ಲಿ ಮೂರು ಗಂಟೆ ಕಳೆದ ಮೇಲೆ ನಲವತ್ತಾರು ಬಂತು.

“ನಲವತ್ಮೂರು ಅಂದ್ರಿ.”

“ಕಲ್ಲಿಗೆ ಹಾಸಿಗೆ ಯಾರು ಒರಗಿಸ್ತಾರೆ?”

“ನಮ್ಮತ್ತೆ ಒರಗಿಸ್ತಾರೆ,” ಅಂದಳು ಶಿರೀಷಾ.

ತನುಜ ಪಟ್ಟಿಯನ್ನು ಮತ್ತೆ ಬದಲಿಸಿದಳು. ಮುಂದಿನ ಶನಿವಾರ ಹಾಸಿಗೆಯ ಅಡಿಯಲ್ಲೂ ನಲವತ್ತೆರಡು ದಾಟಲಿಲ್ಲ. ಆದರೆ ಕಲ್ಲು ಈಗ ಬೆಚ್ಚಗಾಗುವುದೇ ಕಡಿಮೆ. ಒಂದು ಕೋಣೆಗೆ ಒಂದು ಕಲ್ಲು ಸಾಲದು, ಎರಡು ಬೇಕು. ಅಷ್ಟರಲ್ಲಿ ಮಾರ್ಚ್ ಅರ್ಧ ಕಳೆದು ಬಿಸಿಲು ಏರಿತು. ನರಸಿಂಹಪ್ಪನವರ ಗಾಯ ಮಾಯಲು ಒಂಬತ್ತು ವಾರ ಹಿಡಿದಿತ್ತು, ಅವರು ಕೋಲು ಹಿಡಿದು ಹಿಪ್ಪುನೇರಳೆ ತೋಟದ ತನಕ ಹೋಗಿ ಬರುತ್ತಿದ್ದರು. ಅವರ ಕೋಣೆಗೆ ಕಲ್ಲು ಮತ್ತೆ ಬರಲು ಮುರಳಿಮೋಹನ್ ಒಪ್ಪಲಿಲ್ಲ. ಮುಂದಿನ ಚಳಿಗೆ ನೋಡೋಣ ಅಂದ. ತನುಜ ಒತ್ತಾಯ ಮಾಡಲಿಲ್ಲ. ಬಯ್ಯಪ್ಪನವರೂ ತಮ್ಮ ಮಾತು ಬಿಡಲಿಲ್ಲ. ಆ ಮನೆಯವರು ಊರಲ್ಲಿ ಏನು ಹೇಳಿಕೊಂಡು ತಿರುಗುತ್ತಿದ್ದಾರೋ ಎಂದು ವಾರಕ್ಕೊಮ್ಮೆ ಅನ್ನುತ್ತಲೇ ಇದ್ದರು. ಹೇಳುತ್ತಿದ್ದರೋ ಇಲ್ಲವೋ, ತನುಜಳಿಗೂ ಗೊತ್ತಾಗಲಿಲ್ಲ.

ಶಿರೀಷಾ ಮಾತ್ರ ಶನಿವಾರಗಳನ್ನು ಬಿಡಲಿಲ್ಲ. ಅವಳು ಸ್ನೇಹಕ್ಕೆ ಬರುತ್ತಾಳೋ, ತಪ್ಪು ಸಿಗಲಿ ಎಂದು ಬರುತ್ತಾಳೋ ಎಂದು ತನುಜ ಮೊದಮೊದಲು ಯೋಚಿಸುತ್ತಿದ್ದಳು. ಆಮೇಲೆ ಬಿಟ್ಟಳು. ಏಪ್ರಿಲ್‌ನ ಒಂದು ಶನಿವಾರ, ಫ್ಯಾನು ಜೋರಾಗಿ ತಿರುಗುತ್ತಿದ್ದಾಗ, ಶಿರೀಷಾ ಜೋಡಿ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಚೌಕಟ್ಟಿನ ಅಂಚಿನಲ್ಲಿ ಬೆರಳು ಓಡಿಸಿದಳು.

“ಮೇಡಂ, ಇದರ ಹಿಂದೆ ಇಷ್ಟು ಸಂದಿ ಯಾಕಿದೆ? ಮಗು ಕೈ ತೂರಿಸಿದ್ರೆ ವೈರು ಸಿಗಲ್ವಾ?”

ತನುಜ ಬಾಯಿ ತೆರೆದಳು, ಸಿಗಲ್ಲ ಅನ್ನಲು. ಅನ್ನಲಿಲ್ಲ. ಟೇಬಲ್ಲಿನ ಮೇಲಿದ್ದ ಅಳತೆಪಟ್ಟಿ ತೆಗೆದುಕೊಂಡು ಬಂದು ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು.

“ನಿಮ್ಮ ಮಗಳ ಕೈ ಎಷ್ಟು ದಪ್ಪ ಇದೆ?” ಎಂದು ಕೇಳಿದಳು.